ಒಬ್ಬರಿಗೆ ಒಂದೇ ಸ್ವರ

ನಮ್ಮೂರಿನಲ್ಲಿ ಸೋಮವಾರ, ಗುರುವಾರ ಯಾರೂ ಒಗ್ಗರಣೆ ಹಾಕುವುದಿಲ್ಲ. ಸಾಸಿವೆ ಸಿಡಿಯುವ ಸದ್ದೂ ಅವತ್ತು ಸಲ್ಲದು. ಹಿಟ್ಟಿನ ಗಿರಣಿ ಬಂದ್, ಕುಕ್ಕರಿಗೆ ರಜೆ, ಕಾಲ್ಗೆಜ್ಜೆ ಪೆಟ್ಟಿಗೆಯೊಳಗೆ. ಹುಂಜಗಳನ್ನು ಹಿಂದಿನ ಸಂಜೆಯೇ ಬುಟ್ಟಿಯಡಿ ಹಾಕಿ ಗುಡ್ಡದಾಚೆಯ ಹುಲ್ಲುಬಯಲಿಗೆ ಸಾಗಿಸುತ್ತಾರೆ. ಸೊಪ್ಪು ಮಾರುವವಳು ಕೂಗುವಂತಿಲ್ಲ, ಬಾಗಿಲಿಗೆ ಬಂದು ಕೊತ್ತಂಬರಿ ಕಟ್ಟನ್ನು ಕೊಡವುತ್ತಾ ನಿಲ್ಲುತ್ತಾಳೆ. ವಾಸನೆಗೆ ಎದ್ದು ಬಂದರೆ ವ್ಯಾಪಾರ, ಇಲ್ಲದಿದ್ದರೆ ಮುಂದಿನ ಮನೆ. ಗಂಡ ಹೆಂಡಿರಿಗೆ ಜಗಳ ಬಂದರೂ ಅಷ್ಟೆ, ‘ನಾಳೆ ಇದೆ ನಿನಗೆ’ ಎಂದು ಕೈಸನ್ನೆ ಮಾಡಿ ಹಲ್ಲು ಕಚ್ಚಿಕೊಂಡು ಕೂರಬೇಕು. ಮಂಗಳವಾರ ಬೆಳಿಗ್ಗೆ ಪರವೂರಿನಿಂದ ಬಂದವರು, ಇದೇನಪ್ಪಾ ಇಡೀ ಊರೇ ಕಚ್ಚಾಡುತ್ತಿದೆ ಎಂದು ಗಾಬರಿಯಾಗುತ್ತಾರೆ. ಅವೆಲ್ಲ ಸೋಮವಾರದ ಜಗಳಗಳು.

ಆ ಎರಡು ದಿನ ಕೇಳುವ ದಿನ. ಊರ ನಡುವಿನ ಕಲ್ಲುಮನೆಯಲ್ಲಿ ಯಂತ್ರ ನಡೆಯುತ್ತದೆ, ಪರಮಾಣುವಿನ ತಿರುಳು ಹಾಡುತ್ತದೆ, ನಾವು ಕೇಳುತ್ತೇವೆ. ಬೇರೆ ಊರುಗಳಲ್ಲಿ ತಿರುಳು ಹಾಡಿದರೂ ಮನುಷ್ಯರಿಗೆ ಕೇಳಿಸುವುದೇ ಇಲ್ಲವಂತೆ. ಅದಕ್ಕೆಂದು ದೊಡ್ಡ ದೊಡ್ಡ ಉಪಕರಣ ಇಟ್ಟುಕೊಂಡಿರುತ್ತಾರಂತೆ, ಪಾಪ. ನಮ್ಮಲ್ಲಿ ತೊಟ್ಟಿಲ ಕೂಸಿಗೂ ಅಷ್ಟಿಷ್ಟು ಕೇಳಿಸುತ್ತದೆ.

ನಾನು ಕಲ್ಲುಮನೆಯಲ್ಲಿ ತಿರುಪು ತಿರುಗಿಸುವವಳು. ಹೆಸರು ನೀಲಾಂಬಿಕೆ, ವಯಸ್ಸು ನಲವತ್ತಾರು, ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆ ಇದುವರೆಗೂ ನೆಟ್ಟಗೆ ಉತ್ತರ ಕೊಟ್ಟಿಲ್ಲ, ನಿಮಗೂ ಕೊಡುವುದಿಲ್ಲ. ಕೆಲಸದ ವಿಷಯ ಕೇಳಿ, ಹೇಳುತ್ತೇನೆ. ಅಲ್ಲಿ ಎರಡು ತೆಳು ತಗಡುಗಳು ಎದುರುಬದುರು ನಿಂತಿರುತ್ತವೆ. ಯಂತ್ರದ ಏಟು ಮೊದಲನೆಯ ತಗಡಿಗೆ ಬೀಳುತ್ತದೆ. ಏಟು ತಿಂದ ತಿರುಳು ಕೆರಳಿ, ತಗಡಿನಿಂದ ಹಾರಿ, ಎರಡನೆಯ ತಗಡಿನ ಕಡೆ ಓಡುತ್ತದೆ. ಅಲ್ಲಿ ಡಿಕ್ಕಿ ಹೊಡೆದು ನಿಲ್ಲುತ್ತದೆ. ಕೆರಳಿದ್ದು ಎಷ್ಟು ಹೊತ್ತು ಕೆರಳಿಯೇ ಇದ್ದೀತು? ಇಳಿಯಲೇ ಬೇಕು. ಇಳಿಯುವಾಗ ಒಂದು ಸ್ವರ ಬಿಡುತ್ತದೆ. ಓಡುತ್ತಿರುವಾಗಲೇ ಇಳಿದರೆ ಆ ಸ್ವರ ಕೊಂಚ ಏರು, ನಮ್ಮತ್ತ ಬರುವ ರೈಲಿನ ಸೀಟಿಯ ಹಾಗೆ. ನಿಂತ ಮೇಲೆ ಇಳಿದರೆ ತಗ್ಗು. ಏರು ಎಷ್ಟು, ತಗ್ಗು ಎಷ್ಟು ಎಂದು ಎಣಿಸಿದರೆ, ತಿರುಳು ಎಷ್ಟು ಹೊತ್ತು ಕೆರಳಿತ್ತು ಎಂಬುದು ತಿಳಿಯುತ್ತದೆ. ಬೇಗ ಇಳಿದರೆ ಇಳಿಸುವ ಬಲ ಹೆಚ್ಚು, ತಡವಾದರೆ ಕಡಿಮೆ. ಆ ಬಲವನ್ನು ಅಳೆಯುವುದೇ ನಮ್ಮೂರಿನ ಕಸುಬು. ತಗಡುಗಳ ನಡುವಿನ ಸಂದನ್ನು ಕೂದಲೆಳೆಯಷ್ಟು ಹಿಗ್ಗಿಸುವುದು, ಅರ್ಧ ಕೂದಲೆಳೆಯಷ್ಟು ಕುಗ್ಗಿಸುವುದು ನನ್ನ ಕೈಯಲ್ಲಿದೆ. ಸಂದು ಹಿಗ್ಗಿದಷ್ಟೂ ಓಡಲು ಜಾಗ ಹೆಚ್ಚು, ಏರು ಸ್ವರವೂ ಹೆಚ್ಚು.

ಎಣಿಸುವವರು ಇಬ್ಬರು. ಏರು ಸ್ವರಕ್ಕೆ ಕೊಟ್ರೇಶಣ್ಣ, ತಗ್ಗು ಸ್ವರಕ್ಕೆ ನಮ್ಮ ಚಿಕ್ಕಮ್ಮ ಗುರುಶಾಂತಮ್ಮ. ತನ್ನ ಸ್ವರ ಬಂದಾಗಲೆಲ್ಲ ಒಂದೊಂದು ಕವಡೆಯನ್ನು ಕಂಬಳಿ ಹಾಸಿದ ಬುಟ್ಟಿಗೆ ಹಾಕಬೇಕು. ಕಲ್ಲುಮನೆಗೆ ಒಂದೇ ಒಂದು ಕಟ್ಟಳೆ, ಒಬ್ಬರಿಗೆ ಒಂದೇ ಸ್ವರ. ತನ್ನದನ್ನು ಬಿಟ್ಟು ಇನ್ನೊಂದಕ್ಕೆ ಕಿವಿಗೊಟ್ಟರೆ ಕಂಡವರ ಬಚ್ಚಲಿಗೆ ಇಣುಕಿದಷ್ಟು ಹೀನ. ಇಪ್ಪತ್ತು ವರ್ಷದಿಂದ ಕೊಟ್ರೇಶಣ್ಣನೂ ಚಿಕ್ಕಮ್ಮನೂ ನಾಲ್ಕು ಮೊಳ ದೂರದಲ್ಲಿ ಕೂತಿದ್ದಾರೆ, ಒಂದು ದಿನವೂ ‘ನಿಮ್ಮದು ಇವತ್ತು ಹೆಂಗಿತ್ತು’ ಎಂದು ಕೇಳಿಕೊಂಡವರಲ್ಲ.

ಚಿಕ್ಕಮ್ಮನಿಗೆ ಈಗ ಅರವತ್ತು. ಅಮ್ಮ ಹೋದಾಗ ನನಗೆ ಐದು ವರ್ಷ, ಅಲ್ಲಿಂದ ಸಾಕಿದವಳು ಇವಳೇ. ಊರಿಗೆಲ್ಲ ಅವಳು ತಗ್ಗುಸ್ವರದ ಶಾಂತಮ್ಮ. ಬದನೆಕಾಯಿಯನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿ, ‘ಇದರೊಳಗೆ ಹುಳ ಐತೆ’ ಎಂದು ಪಕ್ಕಕ್ಕಿಡುತ್ತಾಳೆ. ಹಾಲು ಸುರಿಯುವ ಸದ್ದಿನಲ್ಲೇ ನೀರೆಷ್ಟು ಎಂದು ಹೇಳುತ್ತಾಳೆ, ಹಾಲಿನವನು ನಮ್ಮ ಬೀದಿಗೆ ಬಂದರೆ ಬೆವರುತ್ತಾನೆ. ತಾನು ಗೊರಕೆ ಹೊಡೆಯುವುದನ್ನು ಮಾತ್ರ ಒಪ್ಪುವುದಿಲ್ಲ. ‘ನಂಗ್ ಕೇಳ್ಸಿಲ್ಲ ಅಂದ್ಮೇಲೆ ಗೊರಕೆ ಹೆಂಗಾಗ್ತದೆ?’ ಎಂದು ನನ್ನನ್ನೇ ಜಬರಿಸುತ್ತಾಳೆ. ಅವಳನ್ನು ಕಂಡರೆ ನನಗೆ ಪ್ರಾಣ. ಅದನ್ನು ಅವಳ ಮುಂದೆ ಹೇಳಿದರೆ ತಲೆ ಮೇಲೆ ಕೂರುತ್ತಾಳೆಂದು ಹೇಳುವುದಿಲ್ಲ.

ಕಳೆದ ಬೇಸಿಗೆಯಲ್ಲಿ, ಕವಡೆಗಳ ಲೆಕ್ಕ ನೋಡುವ ಸುಗುಣಾ ಮೇಡಂ ಒಂದು ಹೊಸ ಲೋಹ ತಂದರು. ಒಳ್ಳೆಯ ಹೆಂಗಸು, ಲೆಕ್ಕ ಮಾಡುವಾಗ ಪೆನ್ಸಿಲ್ ಕಡಿಯುವ ಚಾಳಿಯೊಂದು ಬಿಟ್ಟರೆ. ಒಂದು ತಿಂಗಳು ಹದಿನಾಲ್ಕು ಬೇರೆ ಬೇರೆ ಸಂದುಗಳಲ್ಲಿ ಎಣಿಸಿದೆವು. ತಿರುಳು ಕೆರಳಿ ಇರುವ ಹೊತ್ತೆಂದರೆ ಗಂಟೆ ನಿಮಿಷವಲ್ಲ, ಕಣ್ಣು ಮಿಟುಕಿಸುವುದರೊಳಗೆ ಸಾವಿರ ಕೋಟಿ ಸಲ ಮುಗಿದುಹೋಗುವ ಹೊತ್ತು. ಅದನ್ನು ಅಳೆಯುವ ಮಾನಕ್ಕೆ ಪಿಕೋಸೆಕೆಂಡ್ ಎಂದು ಹೆಸರು. ಮೇಡಂ ಲೆಕ್ಕದಲ್ಲಿ ಇಪ್ಪತ್ತೊಂದು ಬಂತು. ಇನ್ನೊಂದು ಊರಿನವರು ಬೇರೆ ದಾರಿಯಲ್ಲಿ ಅಳೆದದ್ದು ಹನ್ನೊಂದು. ಒಂದೆರಡರ ವ್ಯತ್ಯಾಸವಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಹೆಚ್ಚುಕಡಿಮೆ ಎರಡರಷ್ಟು. ಕಲ್ಲುಮನೆಯ ಯಜಮಾನರು ಚನ್ನವೀರಯ್ಯನವರು ಬುಟ್ಟಿಗಳನ್ನು ನೋಡಿದರು, ಗಡ್ಡ ನೀವಿಕೊಂಡರು. ಹೊತ್ತು ಹೆಚ್ಚು ಬಂದಿದೆ ಎಂದರೆ ತಗ್ಗು ಸ್ವರದ ಕವಡೆ ಹೆಚ್ಚು ಬಿದ್ದಿವೆ. ಬಾರದ ಸ್ವರ ಯಾರಿಗೋ ಬಂದಂತೆ ಕೇಳಿಸಿದೆ.

‘ವಯಸ್ಸಾಯ್ತಲ್ಲಮ್ಮ,’ ಎಂದರು ಚಿಕ್ಕಮ್ಮನಿಗೆ. ದನಿಯಲ್ಲಿ ಕೆಟ್ಟತನವಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ‘ಬರೋ ಗುರುವಾರ ಕಿವಿ ಇಳಿಸಿಬಿಡೋಣ.’

ಕಿವಿ ಇಳಿಸುವುದೆಂದರೆ ಮರ್ಯಾದೆಯಿಂದಲೇ ಮಾಡುತ್ತಾರೆ. ಶಾಲು ಹೊದಿಸಿ, ಹಣ್ಣು ಕೊಟ್ಟು, ಎಳ್ಳೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಎರಡೂ ಕಿವಿಗೆ ಇಡುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ಕಲ್ಲುಮನೆಗೆ ಕಾಲಿಡುವಂತಿಲ್ಲ. ಕೇಳುವ ದಿನ ಊರೊಳಗೇ ಇರುವಂತಿಲ್ಲ, ಗುಡ್ಡದಾಚೆ ಹೋಗಿ ಹುಂಜಗಳ ಜೊತೆ ಸಂಜೆಯವರೆಗೆ ಕೂರಬೇಕು. ಮೂವತ್ತೆಂಟು ವರ್ಷ ಒಂದೇ ಸ್ವರವನ್ನು ಕಾದವಳು ಹುಂಜ ಕಾಯಲು ಹೋಗಬೇಕೆ? ಚಿಕ್ಕಮ್ಮ ‘ಆಗಲಿ ಅಯ್ಯನೋರೇ’ ಎಂದು ಎದ್ದು ಬಂದಳು. ದಾರಿಯಲ್ಲಿ ಬದನೆಕಾಯಿಯನ್ನು ತಟ್ಟದೆಯೇ ಕೊಂಡಳು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ಮೊದಲು ನಾನು ನನ್ನನ್ನೇ ಅನುಮಾನಿಸಿದೆ. ತಿರುಪು ಜಾರಿರಬಹುದು, ಸಂದು ನಾನು ಅಂದುಕೊಂಡದ್ದಕ್ಕಿಂತ ಕಿರಿದಾಗಿದ್ದಿರಬಹುದು. ಮಂಗಳವಾರವಿಡೀ ಕೂತು ತಗಡುಗಳನ್ನು ಒಂದಕ್ಕೊಂದು ತಾಗಿಸಿ, ಬಿಡಿಸಿ, ಮತ್ತೆ ತಾಗಿಸಿ ನೋಡಿದೆ. ಎಲ್ಲ ಸರಿಯಾಗಿತ್ತು. ನನ್ನ ತಪ್ಪಾಗಿದ್ದರೆ ಚೆನ್ನಾಗಿತ್ತು, ಬೈಸಿಕೊಂಡು ಮುಗಿಸಬಹುದಿತ್ತು. ಬುಧವಾರ ಮಧ್ಯಾಹ್ನ ಚಿಕ್ಕಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಹಿತ್ತಲಿಗೆ ಹೋಗಿ, ಬಾಗಿಲು ಮುಚ್ಚಿ, ಬಟ್ಟೆ ಹಾಸಿದ ತಟ್ಟೆಗೆ ಒಂದೊಂದೇ ರಾಗಿಕಾಳು ಬೀಳಿಸಿದೆ. ಏಳು ಕಾಳು.

‘ಏಳಾಯ್ತು. ರಾಗಿ ಯಾಕೆ ಹಾಳು ಮಾಡ್ತೀಯ ಸುಮ್ನೆ?’ ಎಂದು ಜಗಲಿಯಿಂದ ಕೂಗಿದಳು.

ನಾನು ದಡದಡನೆ ಬಂದು ಅವಳ ಮೊರ ಕಿತ್ತುಕೊಂಡೆ. ‘ಕಿವಿ ಇಷ್ಟು ಚುರುಕಾಗೈತೆ! ಮತ್ತೆ ಎಣಿಕೆ ಹೆಂಗೆ ತಪ್ತು? ಆಗಲಿ ಅಯ್ಯನೋರೇ ಅಂತ ಬಾಲ ಮುದುರ್ಕೊಂಡು ಬಂದ್ಯಲ್ಲ, ಬಾಯಲ್ಲೇನು ಕಡುಬು ತುಂಬಿಕೊಂಡಿದ್ಯಾ?’

‘ಎಣಿಕೆ ತಪ್ಪಿಲ್ಲ ಕಣೆ,’ ಎಂದಳು. ಮೊರ ವಾಪಸು ಎಳೆದುಕೊಂಡಳು. ‘ಅಷ್ಟೂ ಸಲ ತಗ್ಗು ಸ್ವರ ಬಂದಿದ್ದು ನಿಜ. ಆದ್ರೆ ಒಂಟಿಯಾಗಿ ಬಂದಿದ್ದಲ್ಲ. ಅದರ ಜೊತೇಲಿ ಇನ್ನೊಂದು ಬರ್ತದೆ. ಸಣ್ಣದು, ಎಳೇ ದನಿ. ಎಲ್ಲಾ ಸಲ ಅಲ್ಲ, ಎಷ್ಟೋ ಸಲ.’

‘ಜೊತೇಲಿ ಅಂದ್ರೆ?’

‘ನಮ್ಮ ತಿರುಳು ನಿಂತಿರೋ ಮೆಟ್ಟಿಲಿಗಿಂತ ಮೇಲೆ ಇನ್ನೊಂದು ಮೆಟ್ಟಿಲು ಐತೆ ಅಂತ ಕಾಣ್ತದೆ. ಕೆಲವು ಅಲ್ಲಿಂದ ಇಳಿದು ಇಲ್ಲಿಗೆ ಬರ್ತವೆ. ಮೇಲಿಂದ ಇಳಿಯುವಾಗ ಒಂದು ಸ್ವರ, ಇಲ್ಲಿಂದ ಇಳಿಯುವಾಗ ಇನ್ನೊಂದು. ಹಳೇ ಲೋಹಗಳಲ್ಲೂ ಇತ್ತು, ಅವು ಮೇಲೆ ನಿಲ್ತಾನೇ ಇರಲಿಲ್ಲ, ಹಂಗಾಗಿ ಲೆಕ್ಕ ಕೆಡ್ಲಿಲ್ಲ. ಈ ಲೋಹದ್ದು ಮೇಲಿನ ಮೆಟ್ಟಿಲಲ್ಲೇ ಕಾಲು ಚಾಚಿ ಕೂತುಬಿಡ್ತದೆ. ಓಡಿ, ಡಿಕ್ಕಿ ಹೊಡ್ದು, ನಿಂತಾದ್ಮೇಲೆ ಮೇಲಿಂದ ಇಳೀತದೆ. ಇನ್ನು ನಮ್ಮದು ಓಡೋದೆಲ್ಲಿ ಬಂತು? ತಗ್ಗೇ ಬರ್ತದೆ. ತಡ ಮಾಡಿದ್ದು ಮೇಲಿನದು, ಹೆಸರು ಕೆಟ್ಟಿದ್ದು ನಮ್ಮದು.’

ಆ ಎಳೆಯ ದನಿ ನನಗೆ ಗೊತ್ತು. ಜೀವಮಾನವಿಡೀ ಕೇಳಿದ್ದೇನೆ. ನಮ್ಮೂರಲ್ಲಿ ಒಂಬತ್ತು ತುಂಬಿದ ಮಕ್ಕಳ ಕಿವಿ ನೋಡುತ್ತಾರೆ, ಹಲಗೆಯ ಮೇಲೆ ಕೂರಿಸಿ ಎಷ್ಟು ಸ್ವರ ಎಂದು ಕೇಳುತ್ತಾರೆ. ಏರು, ತಗ್ಗು ಎರಡೇ ಇರಬೇಕಾದಲ್ಲಿ ನಾನು ಮೂರು ಎಂದಿದ್ದೆ. ಎಲ್ಲರೂ ನಕ್ಕರು. ಅಂದಿನ ಯಜಮಾನರು ಹಲಗೆಯ ಪಕ್ಕ ಕೂತಿದ್ದ ಚಿಕ್ಕಮ್ಮನನ್ನು ಕೇಳಿದರು. ಅವಳು ‘ಎರಡೇ’ ಎಂದಳು. ನನ್ನ ಕಿವಿಯಲ್ಲಿ ಸುಳ್ಳುಸ್ವರವಿದೆ ಎಂದು ಬರೆದು, ದೊಡ್ಡವಳಾದ ಮೇಲೆ ನನ್ನನ್ನು ತಿರುಪಿಗೆ ಹಾಕಿದರು. ಅಂದಿನಿಂದ ಆ ದನಿ ಬಂದಾಗಲೆಲ್ಲ ನನ್ನ ಕಿವಿಯ ಕೊರತೆ ಎಂದುಕೊಂಡು ತಲೆ ಕೊಡವಿಕೊಂಡಿದ್ದೇನೆ. ವೈದ್ಯರಿಗೆ ತೋರಿಸಿದ್ದೇನೆ. ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡಿದ್ದೇನೆ.

‘ನಿಂಗೆ ಆವತ್ತೂ ಕೇಳ್ಸಿತ್ತಾ?’

ಅವಳು ತಲೆ ಎತ್ತಲಿಲ್ಲ. ‘ಕೇಳ್ಸಿತ್ತು. ನಂಗೆ ಇಪ್ಪತ್ಮೂರು ವರ್ಷ ನೀಲಿ, ಕೆಲಸಕ್ಕೆ ಸೇರಿ ಒಂದು ವರ್ಷ. ಮೂರು ಅಂದಿದ್ರೆ, ಇವಳು ಕಂಡೋರ ಸ್ವರಕ್ಕೆ ಕಿವಿ ಕೊಡ್ತಾಳೆ ಅಂತ ಅವತ್ತೇ ಎಬ್ಬಿಸ್ತಿದ್ರು. ಇಬ್ರೂ ಏನು ತಿನ್ನಬೇಕಿತ್ತು? ಮಗು ಅಲ್ವಾ, ಮರೀತಾಳೆ ಅಂದ್ಕೊಂಡೆ.’

ನಾನು ಏನೇನು ಬೈದೆನೋ ಇಲ್ಲಿ ಬರೆಯುವುದಿಲ್ಲ. ಬುಧವಾರವಾದ್ದರಿಂದ ಗಟ್ಟಿಯಾಗಿಯೇ ಬೈದೆ, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಕೊನೆಗೆ ಉಸಿರು ತೆಗೆದುಕೊಂಡು, ‘ಸರಿ, ನಾಳೆ ಇದನ್ನ ಎಲ್ಲರ ಮುಂದೆ ಹೇಳು,’ ಎಂದೆ.

‘ಬೇಡ ಕಣೆ. ಕಿವಿ ಹೋಯ್ತು ಅಂದ್ರೆ ಅಯ್ಯೋ ಪಾಪ ಅಂತಾರೆ. ಮೂವತ್ತೆಂಟು ವರ್ಷ ಇಣುಕಿದಾಳೆ ಅಂದ್ರೆ ಉಗೀತಾರೆ. ನಾನು ಹುಂಜದ ಜೊತೇಲೇ ಇರ್ತೀನಿ ಬಿಡು.’

‘ನಿನ್ನಿಷ್ಟ. ನಿನ್ನ ಪರವಾಗಿ ನಾನಂತೂ ಬಾಯಿ ಬಿಡಲ್ಲ,’ ಎಂದು ಒಳಗೆ ಹೋದೆ. ಅವತ್ತು ಅನ್ನ ಬಡಿಸಿದಳು, ಉಂಡೆ. ಅವಳು ಕಿವಿ ಕಳೆದುಕೊಳ್ಳುವುದು ನನಗೆ ಬೇಡವಾಗಿತ್ತು, ಅವಳನ್ನು ಕ್ಷಮಿಸುವುದೂ ಬೇಡವಾಗಿತ್ತು. ಎರಡನ್ನೂ ಒಟ್ಟಿಗೆ ಹೊಟ್ಟೆಯಲ್ಲಿಟ್ಟುಕೊಂಡು ಊಟ ಮಾಡುವುದು ಬಲು ಕಷ್ಟ.

ಗುರುವಾರ ಬೆಳಿಗ್ಗೆ ಯಂತ್ರ ಶುರುವಾಗುವ ಮುಂಚೆ ಕಲ್ಲುಮನೆಯಲ್ಲಿ ಎಲ್ಲರೂ ಸೇರಿದರು. ಚನ್ನವೀರಯ್ಯನವರು ಶಾಲು ಹೊದಿಸಿದರು. ಕೊಟ್ರೇಶಣ್ಣ ಮೂಗು ಒರೆಸಿಕೊಳ್ಳುತ್ತಾ ಹಣ್ಣಿನ ತಟ್ಟೆ ಕೊಟ್ಟ. ಮೇಡಂ ತಪ್ಪು ಮಾಡಿದವರಂತೆ ಮೂಲೆಯಲ್ಲಿ ಪೆನ್ಸಿಲ್ ಕಡಿಯುತ್ತಿದ್ದರು. ನಾನು ತಿರುಪಿನ ಬಳಿ ಗೋಡೆ ನೋಡುತ್ತಾ ನಿಂತಿದ್ದೆ. ಎಡಗಿವಿಗೆ ಹತ್ತಿ ಇಟ್ಟಾಯಿತು. ‘ಹೇಳೇ ಮುದುಕಿ, ಹೇಳೇ’ ಎಂದು ಮನಸ್ಸಿನಲ್ಲೇ ಅರಚಿಕೊಂಡೆ.

ಬಲಗಿವಿಯ ಹತ್ತಿರ ಹತ್ತಿ ಬಂದಾಗ ಚಿಕ್ಕಮ್ಮ ಚನ್ನವೀರಯ್ಯನವರ ಮುಂಗೈ ಹಿಡಿದುಕೊಂಡಳು. ‘ತಡೀರಿ ಅಯ್ಯನೋರೇ. ನನ್ನ ಕಿವಿ ನೆಟ್ಟಗೈತೆ. ನಾನೇ ನೆಟ್ಟಗಿರಲಿಲ್ಲ.’

ಹಿಂದಿನ ದಿನ ನನಗೆ ಹೇಳಿದ್ದನ್ನೆಲ್ಲ ಹೇಳಿದಳು. ಜೊತೆಯ ಸ್ವರ, ಮೇಲಿನ ಮೆಟ್ಟಿಲು, ಎಲ್ಲ. ಚನ್ನವೀರಯ್ಯನವರ ಮುಖ ಕಪ್ಪಿಟ್ಟಿತು. ‘ಮೂವತ್ತೆಂಟು ವರ್ಷ ಇನ್ನೊಂದು ಸ್ವರ ಕೇಳ್ತಾ ಕೂತಿದ್ರಾ ಶಾಂತಮ್ಮ? ನೀವು?’ ಎಂದರು.

‘ಕಿವಿಗೆ ಬಾಗಿಲಿಲ್ಲವಲ್ಲ ಅಯ್ಯನೋರೇ, ತಾನಾಗೇ ಬರ್ತಿತ್ತು.’

ಅಷ್ಟರಲ್ಲಿ ಮೇಡಂ ಪೆನ್ಸಿಲ್ ಬಿಸಾಕಿ ಓಡಿಬಂದರು. ‘ಒಂದು ನಿಮಿಷ! ಜೊತೆಯ ಸ್ವರ ಓಡುತ್ತಿರುವಾಗ ಬಂತೋ ನಿಂತ ಮೇಲೆ ಬಂತೋ, ಅದೂ ನಿಮಗೆ ತಿಳಿಯುತ್ತಾ?’

‘ಯಾಕೆ ತಿಳಿಯಲ್ಲ? ಅದರಲ್ಲೂ ಏರು ತಗ್ಗು ಇರ್ತದಲ್ಲ.’

‘ಹಾಗಾದರೆ ಜೊತೆಯದು ಓಡುತ್ತಾ ಬಂದಾಗ ಮಾತ್ರ ಕವಡೆ ಹಾಕಿ. ಆಗ ಮೇಲಿನದರ ತಡ ಇದಕ್ಕೆ ಅಂಟುವುದಿಲ್ಲ. ಎರಡೂ ಬುಟ್ಟಿಗೆ ಇದೇ ನಿಯಮ ಇರಬೇಕು.’ ಕೊಟ್ರೇಶಣ್ಣನ ಕಡೆ ತಿರುಗಿದರು. ಅವನು ಕೈ ಮುಗಿದ. ‘ನಂಗೆ ನಂದು ಬಿಟ್ರೆ ದೇವರಾಣೆ ಏನೂ ಕೇಳ್ಸಲ್ಲ ಮೇಡಂ.’

‘ಒಬ್ಬರ ಮಾತು ಸಾಕ್ಷಿಯಾಗಲ್ಲ,’ ಎಂದರು ಚನ್ನವೀರಯ್ಯನವರು. ‘ಆ ಮೂರನೇ ಸ್ವರ ಐತೆ ಅನ್ನೋಕೆ ಇನ್ನೊಂದು ಕಿವಿ ಬೇಕು. ಯಾರವ್ವಾ ಇದಾರೆ?’

ಚಿಕ್ಕಮ್ಮ ನನ್ನತ್ತ ಬೆರಳು ತೋರಿಸಿದಳು. ‘ಅವಳು. ಒಂಬತ್ತು ವರ್ಷದವಳಿದ್ದಾಗ ಇದೇ ಹಲಗೆ ಮೇಲೆ ಮೂರು ಅಂದಳು. ಸರಿಯಾಗೇ ಹೇಳಿದ್ಲು. ನಾನೇ ನನ್ನ ಜಾಗ ಹೋಗ್ತದೆ ಅಂತ ಎರಡು ಅಂದೆ. ಮಗೀನ ಕಿವಿಗೆ ಸುಳ್ಳು ಅಂತ ಹೆಸರಿಟ್ಟಿದ್ದು ನಾನು.’ ಶಾಲಿನ ಅಂಚಿನಿಂದ ಮುಖ ಮುಚ್ಚಿಕೊಂಡಳು.

ಸಭೆ ನನ್ನತ್ತ ತಿರುಗಿತು. ನಾನು ತಿರುಪನ್ನು ಬಿಟ್ಟು ಬಂದು ಕೊಟ್ರೇಶಣ್ಣನ ಮಣೆಯ ಮೇಲೆ ಕೂತೆ. ಅವನು ನನ್ನ ಜಾಗಕ್ಕೆ ಹೋಗಿ, ‘ಯಾವ್ ಕಡೆ ತಿರುಗಿಸ್ಬೇಕವ್ವಾ ಇದನ್ನ?’ ಎಂದು ಕೇಳಿದ. ‘ಬಲಕ್ಕೆ. ಮೆಲ್ಲಗೆ. ಲಾರಿ ಅಲ್ಲ ಅದು,’ ಎಂದೆ. ಯಂತ್ರ ಶುರುವಾಯಿತು.

ಆವತ್ತು ಕೇಳಿದ್ದನ್ನು ಹೇಗೆ ಹೇಳಲಿ? ಏರು ಸ್ವರ ಬಂತು, ಅದರ ಪಕ್ಕದಲ್ಲೇ ಆ ಎಳೆಯ ದನಿ. ಮೊದಲ ಸಲ ತಲೆ ಕೊಡವದೆ ಅದಕ್ಕೆ ಕಿವಿಗೊಟ್ಟೆ. ಎಷ್ಟು ಸ್ಪಷ್ಟವಾಗಿತ್ತು, ಎಷ್ಟು ಚೆಂದವಿತ್ತು! ಅದು ಓಡುತ್ತಾ ಬಂದರೆ ಕವಡೆ ಹಾಕಿದೆ, ಏರು ಸ್ವರ ಒಂಟಿಯಾಗಿ ಬಂದರೆ ಬಿಟ್ಟೆ. ನಾಲ್ಕು ಮೊಳ ಆಚೆ ಚಿಕ್ಕಮ್ಮ ಒಂದೇ ಕಿವಿಯಲ್ಲಿ ಕೇಳುತ್ತಿದ್ದಳು, ಎಡಗಿವಿಯ ಹತ್ತಿ ತೆಗೆಯುವುದನ್ನೂ ಮರೆತಿದ್ದಳು. ಮಧ್ಯಾಹ್ನ ಊಟಕ್ಕೆ ಯಾರೂ ಏಳಲಿಲ್ಲ. ಐದು ಗಂಟೆಗೆ ಯಂತ್ರ ನಿಂತಿತು. ನನ್ನ ಕೆನ್ನೆ ಒದ್ದೆಯಾಗಿದ್ದದ್ದು ಆಗ ಗೊತ್ತಾಯಿತು.

ಮೇಡಂ ನೆಲದ ಮೇಲೆ ಕೂತು, ಕೊಟ್ರೇಶಣ್ಣ ಅವತ್ತು ಇಟ್ಟ ಮೂರು ಸಂದುಗಳ ಕವಡೆಗಳನ್ನೂ ಎಣಿಸಿ ಲೆಕ್ಕ ಮಾಡಿದರು. ಒಮ್ಮೆ ಮಾಡಿದರು, ಅಳಿಸಿ ಇನ್ನೊಮ್ಮೆ ಮಾಡಿದರು. ‘ಹನ್ನೊಂದೂವರೆ,’ ಎಂದರು. ‘ಶಾಂತಮ್ಮನವರೇ, ಬಲ ನಾವು ಅಳೆದದ್ದರ ಹೆಚ್ಚುಕಡಿಮೆ ಎರಡರಷ್ಟಿದೆ. ನೀವು ಒಂದೇ ಒಂದು ಕವಡೆಯನ್ನೂ ತಪ್ಪಾಗಿ ಹಾಕಿರಲಿಲ್ಲ.’ ಕೊಟ್ರೇಶಣ್ಣ ಕೇಳುವ ದಿನ ಎಂಬುದನ್ನೂ ಮರೆತು ಚಪ್ಪಾಳೆ ಹೊಡೆದ, ಯಾರೂ ಗದರಿಸಲಿಲ್ಲ.

ಚನ್ನವೀರಯ್ಯನವರು ಗಡ್ಡ ನೀವಿಕೊಂಡರು. ಆಮೇಲೆ ಚಿಕ್ಕಮ್ಮನ ಮುಂದೆ ಕೂತರು. ‘ಕಟ್ಟಳೆ ಮಾಡಿದೋರಿಗೆ ಮೇಲಿನ ಮೆಟ್ಟಿಲು ಗೊತ್ತಿರಲಿಲ್ಲ ಕಣಮ್ಮ. ಈಗ ಗೊತ್ತಾಯ್ತು. ನಿಮ್ಮ ಮಣೆ ನಿಮ್ಮದೇ.’

ಚಿಕ್ಕಮ್ಮ ಕೈ ಮುಗಿದಳು. ಆಮೇಲೆ ಏನು ಮಾಡಿದಳು ಗೊತ್ತೇ? ತಟ್ಟೆಯಲ್ಲಿ ಉಳಿದಿದ್ದ ಹತ್ತಿಯನ್ನು ತಾನೇ ತೆಗೆದುಕೊಂಡು ಬಲಗಿವಿಗೆ ಇಟ್ಟುಕೊಂಡಳು. ‘ಈ ಮಾತೊಂದು ಬೇಕಿತ್ತು, ಸಿಕ್ತು,’ ಎಂದಳು. ‘ಮಣೆ ನೀಲೀದು. ಅವತ್ತೇ ಅವಳಿಗೆ ಒಂದು ಸ್ವರ ಸಿಗಬೇಕಿತ್ತು. ನಾನು ಕಿತ್ಕೊಂಡಿದ್ದು ಸಾಕು.’ ಎದ್ದು ಶಾಲು ಸರಿಮಾಡಿಕೊಂಡು ಬಾಗಿಲಿನ ಕಡೆ ನಡೆದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮತ್ತೆ ತಾನೊಬ್ಬಳೇ ನಿರ್ಧಾರ ಮಾಡುವುದು, ಮತ್ತೆ ನನ್ನನ್ನು ಕೇಳದೆ! ಅಡ್ಡ ಹೋಗಿ ನಿಂತು ಅವಳ ಎರಡೂ ಕಿವಿಯ ಹತ್ತಿ ಕಿತ್ತೆಸೆದೆ. ಎಣ್ಣೆ ನನ್ನ ಕೈಗೆಲ್ಲ ಆಯಿತು.

‘ಯಾರೇ ಕೇಳಿದ್ರು ನಿನ್ನ ದಾನಾನ? ನೀನು ಮಾಡಿದ್ದು ತಪ್ಪು. ನಾನಿನ್ನೂ ಕ್ಷಮಿಸಿಲ್ಲ, ಇನ್ನು ಹತ್ತು ವರ್ಷ ಬೈತೀನಿ. ಬೈಸ್ಕೊಳ್ಳೋಕೆ ನಿಂಗೆ ಕಿವಿ ಬೇಕು.’ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡೆ. ‘ಇದನ್ನ ಎಣಿಸೋಕೆ ಇಬ್ಬರು ಬೇಕು ಚಿಕ್ಕಮ್ಮ. ಇಷ್ಟು ವರ್ಷ ಆ ದನೀನ ನಾನೊಬ್ಬಳೇ ಕೇಳ್ತಿದೀನಿ, ನಂಗೆ ಹುಚ್ಚು ಅಂದ್ಕೊಂಡಿದ್ದೆ. ಇನ್ನು ಒಬ್ಬಳೇ ಕೇಳೋಕೆ ನನ್ನ ಕೈಲಾಗಲ್ಲ. ಬಾ, ಕೂತ್ಕೋ.’

ತಿರುಪಿನ ಬಳಿಯಿಂದ ಕೊಟ್ರೇಶಣ್ಣ, ‘ಈ ಕೆಲಸ ನಂಗಿರ್ಲಿ ಬಿಡವ್ವಾ, ನಿಂತೇ ಮಾಡ್ಬೋದು, ಬೆನ್ನಿಗೂ ಒಳ್ಳೇದು,’ ಎಂದ. ಚಿಕ್ಕಮ್ಮ ಅಳುತ್ತಿದ್ದಳು, ನಗುತ್ತಲೂ ಇದ್ದಳು. ವಾಪಸು ಬಂದು ತನ್ನ ಮಣೆಯನ್ನು ನನ್ನ ಮಣೆಯ ಪಕ್ಕಕ್ಕೆ ಎಳೆದುಕೊಂಡು ಕೂತಳು.